ಆಷಾಢದಲ್ಲಿ ಒಣಗುವ ಟ್ರ್ಯಾಪ್: ಎಎಚ್‌ಯು ಕಾಯಿಲ್ ಪೈಪ್ ಮತ್ತು ಡ್ರೇನ್ ಜೋಡಿಸುವ ಬಗೆ

ಶ್ರಾವಣದ ಮೊದಲ ಮುಹೂರ್ತ. ರಾಯಚೂರಿನ ಒಂದು ಕಲ್ಯಾಣ ಮಂಟಪ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ವೇದಿಕೆಯ ಮೇಲಿನ ಫಾಲ್ಸ್ ಸೀಲಿಂಗ್‌ನಿಂದ ನೀರೂ ಬಿತ್ತು. ಮೊದಲ ಹನಿ ಪುರೋಹಿತರ ಹೆಗಲಿಗೆ, ಆಮೇಲಿನವು ವರನ ಪೇಟಕ್ಕೆ. ಹಿರಿಯರೊಬ್ಬರು ಶುಭಶಕುನವೆಂದರಂತೆ. ಮಂಟಪದ ಸಾಹುಕಾರರಿಗೆ ಹಾಗೆನ್ನಿಸಲಿಲ್ಲ. ಅವರ ಫೋನ್ ಬಂದಾಗ ನಾನು ಬಳ್ಳಾರಿಯಲ್ಲಿದ್ದೆ. ಬಸ್ ಹತ್ತಿ ಸಂಜೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮದುವೆ ಮುಗಿದು, ಎಸಿ ಬಂದ್ ಆಗಿ, ಯಂತ್ರದ ತಳದಲ್ಲಿ ನೀರು ಹಿಡಿಯುವ ಪ್ಯಾನಿನಲ್ಲಿದ್ದ ನೀರೆಲ್ಲ ತಾನಾಗಿಯೇ ಇಳಿದುಹೋಗಿತ್ತು. ಮರುದಿನ ಬೆಳಿಗ್ಗೆ ಮೂರು ತಾಸು ಓಡಿಸಿದೆವು. ಒಂದು ಹನಿಯೂ ಬೀಳಲಿಲ್ಲ. "ನೀವು ಬಂದರೆ ಅದು ಸೋರುವುದಿಲ್ಲ ನೋಡಿ ಮೇಸ್ತ್ರಿ, ಇಲ್ಲೇ ಇದ್ದುಬಿಡಿ" ಎಂದರು ಸಾಹುಕಾರರು.

ಕಾರಣ ಸರಳ. ಮಣ್ಣೆತ್ತಿನ ಅಮಾವಾಸ್ಯೆ ದಾಟಿದರೆ ಆಷಾಢ, ಮದುವೆಗಳಿಲ್ಲ. ಹಾಲಿಗೆ ತಣ್ಣನೆಯ ಗಾಳಿ ಕೊಡುವ ಯಂತ್ರ, ಅಂದರೆ ಎಎಚ್‌ಯು (ಏರ್ ಹ್ಯಾಂಡ್ಲಿಂಗ್ ಯೂನಿಟ್), ತಿಂಗಳಿಗೂ ಮೇಲೆ ಮಲಗಿತ್ತು. ಪ್ಯಾನಿನ ನೀರು ಹೊರಹೋಗುವ ಡ್ರೇನ್ ಪೈಪಿನಲ್ಲಿ ಗಾಳಿ ತಡೆಯಲು ನೀರು ನಿಲ್ಲುವ ಒಂದು ಬಾಗು ಇರುತ್ತದೆ, ಅದೇ ಟ್ರ್ಯಾಪ್. ಅದರಲ್ಲಿ ನಿಂತಿದ್ದ ಬೆರಳಗಲದ ನೀರು ಆವಿಯಾಗಿ ಹೋಗಿತ್ತು. ಟ್ರ್ಯಾಪ್ ಒಣಗಿದಾಗ ಫ್ಯಾನ್ ಓಡಿದರೆ ಡ್ರೇನ್ ಪೈಪಿನ ಮೂಲಕ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಗಾಳಿ ಪ್ಯಾನಿನ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ನೀರು ಇಳಿಯದೆ ಟ್ರ್ಯಾಪ್ ತುಂಬುವುದಿಲ್ಲ, ಟ್ರ್ಯಾಪ್ ತುಂಬದೆ ಗಾಳಿ ನಿಲ್ಲುವುದಿಲ್ಲ. ಪ್ಯಾನ್ ತುಂಬಿ ಉಕ್ಕುತ್ತದೆ. ಫ್ಯಾನ್ ನಿಂತ ಕ್ಷಣ ನೀರೆಲ್ಲ ಗಳಗಳನೆ ಇಳಿದು ಟ್ರ್ಯಾಪ್ ತುಂಬುತ್ತದೆ, ಮರುದಿನ ಎಲ್ಲವೂ ಸರಿಯಾಗಿರುತ್ತದೆ. ಆ ಬೆರಳಗಲದ ಟ್ರ್ಯಾಪ್ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಹಾಗಾಗಿ ಈ ಬರಹದಲ್ಲಿ ಡ್ರೇನ್ ಬಗ್ಗೆ ಹೆಚ್ಚು ಮಾತಿದೆ. ತಣ್ಣೀರಿನ ಪೈಪ್ ಜೋಡಿಸುವಾಗ ಎಲ್ಲರೂ ಎಚ್ಚರ ವಹಿಸುತ್ತಾರೆ. ಅಲ್ಲಿ ಒತ್ತಡವಿದೆ, ಟೆಸ್ಟ್ ಇದೆ, ಬಿಲ್ ಇದೆ. ಡ್ರೇನ್ ಪೈಪನ್ನು ಮಾತ್ರ ಕೊನೆಯ ದಿನ ಉಳಿದ ತುಂಡುಗಳಿಂದ ಮುಗಿಸಿಬಿಡುತ್ತಾರೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಹವೆಯಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರಿಕೊಂಡಿದೆ. ಹೆಚ್ಚಿನ ಕೆಲಸಗಳು ಬೇಸಿಗೆಗೆ ಮೊದಲು ಮುಗಿಯುತ್ತವೆ, ಬೇಸಿಗೆಯಲ್ಲಿ ಯಂತ್ರ ಚಾಲೂ ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಬಿಸಿಲು, ತೇವಾಂಶ ಶೇ 20 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಇಳಿಯತೊಡಗುವ ಉಷ್ಣತೆ) ಸುಮಾರು 13 ಡಿಗ್ರಿ. ಯಂತ್ರದೊಳಗಿನ ಕಾಯಿಲ್, ಅಂದರೆ ತಣ್ಣೀರು ಹರಿಯುವ ಕೊಳವೆಗಳ ಸಾಲು, ದಾಟಿ ಬರುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಹಾಗಾಗಿ ಹೊರಗಾಳಿಯಿಂದ ನೀರು ಇಳಿಯುವುದೇ ಇಲ್ಲವೆನ್ನಬಹುದು. ಒಳಗೆ ಕೂತ ಜನರ ಉಸಿರು, ಬೆವರಿನದಷ್ಟೇ ಲೆಕ್ಕ. ಆಗಸ್ಟ್‌ನಲ್ಲಿ 28 ಡಿಗ್ರಿ, ತೇವಾಂಶ ಶೇ 75 ಆದರೆ ಇಬ್ಬನಿ ಬಿಂದು 23 ಡಿಗ್ರಿಗೆ ಏರುತ್ತದೆ. ಆಗ ಒಂದು ಸಾವಿರ ಸಿಎಫ್‌ಎಂ (ನಿಮಿಷಕ್ಕೆ ಸಾವಿರ ಘನ ಅಡಿ) ಹೊರಗಾಳಿಯಿಂದಲೇ ಗಂಟೆಗೆ ಸುಮಾರು 16 ಲೀಟರ್ ನೀರು, ಅಂದರೆ ಹೆಚ್ಚುಕಡಿಮೆ ಒಂದು ಪ್ಲಾಸ್ಟಿಕ್ ಕೊಡದಷ್ಟು, ಪ್ಯಾನಿಗೆ ಇಳಿಯುತ್ತದೆ. ಬೇಸಿಗೆಯಿಡೀ ಸುಮ್ಮನಿದ್ದ ಡ್ರೇನ್ ಮಳೆಗಾಲದಲ್ಲಿ ಬಣ್ಣ ಬಯಲು ಮಾಡುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಹಣ ಪಡೆದು ಹೋಗಿರುತ್ತಾನೆ.

ಯಂತ್ರ ಬರುವ ಮೊದಲೇ ಕಟ್ಟೆ

ಡ್ರೇನ್ ಕೆಲಸ ಶುರುವಾಗುವುದು ಪೈಪಿನಿಂದಲ್ಲ, ಸಿಮೆಂಟ್ ಕಟ್ಟೆಯಿಂದ. ಟ್ರ್ಯಾಪ್‌ಗೆ ಎತ್ತರ ಬೇಕು. ಎಎಚ್‌ಯು ಅನ್ನು ನೆಲಕ್ಕೆ ಕೂರಿಸಿಬಿಟ್ಟರೆ ಆಮೇಲೆ ಯಾರೂ ಅದನ್ನು ಎತ್ತಿಕೊಡುವುದಿಲ್ಲ. ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಪ್ಯಾನಿನ ಬಾಯಿ ನೆಲದಿಂದ 60 ಮಿ.ಮೀ. ಎತ್ತರದಲ್ಲಿತ್ತು. ಟ್ರ್ಯಾಪ್ ಕೂರಿಸಲು ಹೊಸ ಗ್ರಾನೈಟ್ ನೆಲವನ್ನೇ ಒಡೆದು ಗುಂಡಿ ಮಾಡಬೇಕಾಯಿತು. ಕಟರ್ ಸದ್ದಿಗೆ ಪಕ್ಕದ ವಾರ್ಡಿನವರು ಬೈದರು, ಎದ್ದ ಧೂಳು ಹೊಸ ಫಿಲ್ಟರಿನಲ್ಲಿ ಕೂತಿತು.

ಎಷ್ಟು ಎತ್ತರ ಬೇಕೆಂಬ ಲೆಕ್ಕ ಮುಂದೆ ಬರುತ್ತದೆ. ಸದ್ಯಕ್ಕೆ ಇಷ್ಟು: ಮಧ್ಯಮ ಗಾತ್ರದ ಯಂತ್ರಕ್ಕೆ ಪ್ಯಾನಿನ ಬಾಯಿ ನೆಲದಿಂದ ಕನಿಷ್ಠ 180 ಮಿ.ಮೀ. ಮೇಲಿರಬೇಕು. ಯಂತ್ರದ ಅಡಿಚೌಕಟ್ಟೇ ಸ್ವಲ್ಪ ಎತ್ತರ ಕೊಡುತ್ತದೆ, ಉಳಿದದ್ದನ್ನು ಕಟ್ಟೆ ಕೊಡಬೇಕು. ನಾನು 150 ಮಿ.ಮೀ. ಕಟ್ಟೆ ಹಾಕಿಸುತ್ತೇನೆ. ಗೌಂಡಿಗಳು 100 ಸಾಕೆನ್ನುತ್ತಾರೆ. ಅವರು ಟ್ರ್ಯಾಪ್ ಕಟ್ಟುವವರಲ್ಲ.

ಕಟ್ಟೆ ಮಟ್ಟವಾಗಿರಲಿ. ಪ್ಯಾನಿನೊಳಗೆ ಬಾಯಿಯ ಕಡೆಗೆ ಓಟವನ್ನು, ಅಂದರೆ ಇಳಿಜಾರನ್ನು, ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ಕಟ್ಟೆ ಹಿಂದಕ್ಕೆ ವಾಲಿದರೆ ಆ ಓಟ ಸತ್ತು ಪ್ಯಾನಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ.

ಯಂತ್ರ ಆರ್ಡರ್ ಮಾಡುವಾಗ ಪೈಪ್ ಯಾವ ಬದಿಗೆಂದು ಕೇಳುತ್ತಾರೆ: ಎಡಗೈ, ಬಲಗೈ. ಬಾಯಿಮಾತಿನಲ್ಲಿ ಉತ್ತರಿಸಬೇಡಿ. ಗಾಳಿಗೆ ಬೆನ್ನು ಕೊಟ್ಟು ನಿಂತು ಬಲ ಎನ್ನುವ ಕಂಪನಿಯೂ ಇದೆ, ಮುಖ ಕೊಟ್ಟು ನಿಂತು ಬಲ ಎನ್ನುವ ಕಂಪನಿಯೂ ಇದೆ. ನಕ್ಷೆಯ ಮೇಲೆ ಗಾಳಿಯ ಬಾಣ ಬರೆದು, ಪೈಪ್ ಬರುವ ಬದಿಗೆ ಗುರುತು ಹಾಕಿ ಕಳುಹಿಸಿ.

ಕಾಯಿಲ್‌ಗೆ ಪೈಪ್

ಕಾಯಿಲ್‌ನ ಎರಡು ಮೂತಿಗಳಲ್ಲಿ ತಣ್ಣೀರು ಒಳಗೆ ಹೋಗುವುದು ಯಾವುದು, ಹೊರಬರುವುದು ಯಾವುದು? ಮೂತಿಯ ಮೇಲಿನ ಚೀಟಿ ಉಳಿದಿದ್ದರೆ ಸರಿ. ನಮ್ಮಲ್ಲಿ ಬಿಸಿಲಿಗೆ ಅಂಟು ಬಿಟ್ಟು ಚೀಟಿಗಳು ಉದುರಿಹೋಗಿರುತ್ತವೆ. ಚೀಟಿ ಇಲ್ಲದಿದ್ದರೆ ಹೀಗೆ ನೋಡಿ. ಗಾಳಿ ಕಾಯಿಲ್‌ನಿಂದ ಹೊರಬೀಳುವ ಬದಿಯ ಹೆಡರ್‌ಗೆ (ಕೊಳವೆಗಳೆಲ್ಲ ಸೇರುವ ದಪ್ಪ ಪೈಪ್) ತಣ್ಣೀರು ಬರಬೇಕು, ಗಾಳಿ ಒಳಬರುವ ಬದಿಯ ಹೆಡರ್‌ನಿಂದ ವಾಪಸ್ ಹೋಗಬೇಕು. ನೀರು ಮತ್ತು ಗಾಳಿ ಎದುರುಬದುರು ಸಾಗಿದರೆ, ಹೊರಡುವ ಮುನ್ನ ಗಾಳಿಗೆ ಎಲ್ಲಕ್ಕಿಂತ ತಣ್ಣನೆಯ ನೀರು ಸಿಗುತ್ತದೆ. ಜೊತೆಗೆ, ಒಳಬರುವ ಮೂತಿ ಕೆಳಗೆ, ಹೊರಹೋಗುವ ಮೂತಿ ಮೇಲೆ ಇರುವುದು ವಾಡಿಕೆ. ಆಗ ಕೊಳವೆಗಳೊಳಗಿನ ಗಾಳಿ ಮೇಲಕ್ಕೆ ತಳ್ಳಿಕೊಂಡು ಹೊರಬರುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಏನೂ ಒಡೆಯುವುದಿಲ್ಲ, ಏನೂ ಸೋರುವುದಿಲ್ಲ. ಹಾಲ್ ಮಾತ್ರ ತಣ್ಣಗಾಗುವುದಿಲ್ಲ. ಹುಡುಕಿ ಹುಡುಕಿ ಸಾಕಾಗುವ ತಪ್ಪು ಇದು. ನೀರು ತಣ್ಣಗೆ ಮಾಡುವ ಚಿಲ್ಲರ್‌ನವನು ಪಂಪಿನವನನ್ನು ಬೈಯುತ್ತಾನೆ, ಪಂಪಿನವನು ಡಕ್ಟಿನವನನ್ನು.

ಪೈಪಿನ ಗಾತ್ರಕ್ಕೆ ಒಂದು ಕೈಲೆಕ್ಕ: ನೀರು ಸುಮಾರು 7 ಡಿಗ್ರಿಗೆ ಹೋಗಿ 12ಕ್ಕೆ ಸ್ವಲ್ಪ ಮೇಲೆ ವಾಪಸಾಗುವ ವ್ಯವಸ್ಥೆಯಲ್ಲಿ ತಂಪು ಮಾಡುವ ಶಕ್ತಿಯ ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 9 ಲೀಟರ್ ನೀರು ಬೇಕು. 25 ಟನ್ನಿನ ಯಂತ್ರಕ್ಕೆ ನಿಮಿಷಕ್ಕೆ 225 ಲೀಟರ್, ಅದಕ್ಕೆ 65 ಮಿ.ಮೀ. ಪೈಪ್ ಸಲೀಸು. ಕಾಯಿಲ್‌ನ ಮೂತಿ ಚಿಕ್ಕದಿದೆಯೆಂದು ಇಡೀ ಲೈನನ್ನು ಚಿಕ್ಕದು ಮಾಡಬೇಡಿ. ಮೂತಿಯ ಹತ್ತಿರ ಬಂದು ರೆಡ್ಯೂಸರ್ ಹಾಕಿ.

ಹೋಗುವ ಲೈನಿನಲ್ಲಿ ಮೊದಲು ಬಂದ್ ಮಾಡುವ ವಾಲ್ವ್, ನಂತರ ಕಸ ತಡೆಯುವ ವೈ ಸ್ಟ್ರೈನರ್, ಆಮೇಲೆ ಥರ್ಮಾಮೀಟರ್ ಮತ್ತು ಗೇಜ್, ಆಮೇಲೆ ಕಾಯಿಲ್. ವಾಪಸ್ ಲೈನಿನಲ್ಲಿ ಥರ್ಮಾಮೀಟರ್, ಗೇಜ್, ಮೋಟಾರ್ ಇರುವ ಕಂಟ್ರೋಲ್ ವಾಲ್ವ್, ಬ್ಯಾಲೆನ್ಸಿಂಗ್ ವಾಲ್ವ್, ಕೊನೆಗೆ ಇನ್ನೊಂದು ಬಂದ್ ವಾಲ್ವ್. ಸ್ಟ್ರೈನರಿನ ಜಾಲರಿ ಹೊರಗೆಳೆಯಲು ಅದರ ಉದ್ದದಷ್ಟು ಜಾಗ ಕೆಳಗಿರಬೇಕು. ಗೋಡೆಗೆ ಒತ್ತಿ ಕೂರಿಸಿದ ಸ್ಟ್ರೈನರ್ ಯಾರೂ ತೊಳೆಯದ ಸ್ಟ್ರೈನರ್. ಕಂಟ್ರೋಲ್ ವಾಲ್ವಿನ ಮೋಟಾರ್ ಪೈಪಿನ ಮೇಲ್ಬದಿಗೆ ನಿಲ್ಲಲಿ. ತಲೆಕೆಳಗಾಗಿ ತೂಗಿದರೆ ವಾಲ್ವ್ ಬೆವರಿದ ನೀರು ನೇರ ಮೋಟಾರಿನೊಳಗೆ ಇಳಿಯುತ್ತದೆ. ಲೈನಿನ ತೀರಾ ಎತ್ತರದ ಜಾಗದಲ್ಲಿ ಗಾಳಿ ಬಿಡುವ ವೆಂಟ್, ತೀರಾ ತಗ್ಗಿನಲ್ಲಿ ಖಾಲಿ ಮಾಡುವ ನಲ್ಲಿ ಇರಲಿ. ತಾನಾಗಿ ಗಾಳಿ ಬಿಡುವ ವೆಂಟ್ ಹಾಕುವುದಾದರೆ ಅದರ ಕೆಳಗೊಂದು ಚಿಕ್ಕ ಬಾಲ್ ವಾಲ್ವ್ ಇರಲೇಬೇಕು. ಅದು ಇಂದಲ್ಲ ನಾಳೆ ಹನಿಯುತ್ತದೆ, ಆಗ ಬಿಚ್ಚಿ ತೊಳೆಯಲು ಇಡೀ ಲೈನ್ ಖಾಲಿ ಮಾಡುವಂತಾಗಬಾರದು.

ಈಗ ಕೈಕೆಲಸ. ಕಾಯಿಲ್‌ನ ಮೂತಿ ಕಬ್ಬಿಣದ್ದೇ ಆದರೂ ಒಳಗೆ ಅದು ಬೆಸೆದುಕೊಂಡಿರುವುದು ತಾಮ್ರದ ಹೆಡರ್‌ಗೆ. ಒಂದೇ ಪಾನಾ ಹಾಕಿ ಬಿಗಿಯಲು ಹೋದರೆ ಹೆಡರ್ ತಿರುಚಿಕೊಂಡು ಒಳಗಿನ ಬೆಸುಗೆ ಬಿಡುತ್ತದೆ. ಎರಡು ಪೈಪ್ ಪಾನಾ ಬೇಕು: ಒಂದು ಮೂತಿಯನ್ನು ಅಲುಗದಂತೆ ಹಿಡಿಯಲು, ಇನ್ನೊಂದು ಫಿಟ್ಟಿಂಗ್ ತಿರುಗಿಸಲು. ಹೊಸ ಹುಡುಗರಿಗೆ ಮೂತಿಯ ಮೇಲೆ ಕೈಯಿಟ್ಟು ನಿಲ್ಲಲು ಹೇಳುತ್ತೇನೆ. ನಾನು ಬಿಗಿಯುವಾಗ ಅವರ ಅಂಗೈಗೆ ಒಂದಿಷ್ಟೇ ಅಲುಗಾಟ ತಿಳಿದರೂ ಅಲ್ಲಿಗೆ ನಿಲ್ಲಿಸಬೇಕು. ಅಂಗೈಗೆ ತಿಳಿಯುವುದು ಕಣ್ಣಿಗೆ ಕಾಣುವುದಿಲ್ಲ.

ಚೂಡಿಯ, ಅಂದರೆ ಪೈಪಿನ ತಿರುಪಿನ ಸುತ್ತುಗಳ, ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ಫಿಟ್ಟಿಂಗ್‌ಗಳು ಬ್ರಿಟಿಷ್ ಅಳತೆಯ ಬಿಎಸ್‌ಪಿ ಚೂಡಿಯವು. ಕೆಲವು ಕಾಯಿಲ್‌ಗಳು ಅಮೆರಿಕದ ಅಳತೆಯ ಎನ್‌ಪಿಟಿ ಚೂಡಿಯೊಂದಿಗೆ ಬರುತ್ತವೆ. ಒಂದರಿಂದ ಎರಡು ಇಂಚಿನವರೆಗಿನ ಗಾತ್ರಗಳಲ್ಲಿ ಬಿಎಸ್‌ಪಿಗೆ ಇಂಚಿಗೆ 11 ಸುತ್ತು, ಎನ್‌ಪಿಟಿಗೆ ಹನ್ನೊಂದೂವರೆ. ಕೈಯಲ್ಲಿ ಎರಡು ಮೂರು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿ, ಮೇಲೆ ಟೆಫ್ಲಾನ್ ಟೇಪ್ ಸುತ್ತಿದರೆ ಟೆಸ್ಟಿನ ದಿನ ತಪ್ಪದೆ ಸೋರುತ್ತದೆ. ಕೈಯಲ್ಲಿ ನಾಲ್ಕು ಸುತ್ತು ಹೋಗದಿದ್ದರೆ ನಿಲ್ಲಿಸಿ, ಅಡಾಪ್ಟರ್ ತರಿಸಿ.

ಪೈಪಿನ ಭಾರ ಕಾಯಿಲ್ ಮೇಲೆ ಬೀಳಬಾರದು. ಕಾಯಿಲ್ ಹತ್ತಿರವೇ ಪೈಪಿಗೆ ಅದರದೇ ಸ್ಟ್ಯಾಂಡ್ ಅಥವಾ ಹ್ಯಾಂಗರ್ ಕೊಡಿ. ಪರೀಕ್ಷೆ ಸುಲಭ: ಎಲ್ಲ ಮುಗಿದ ಮೇಲೆ ಯೂನಿಯನ್ ಅಥವಾ ಫ್ಲೇಂಜ್ ಬಿಚ್ಚಿ ನೋಡಿ. ಪೈಪ್ ಇದ್ದಲ್ಲೇ ನಿಲ್ಲಬೇಕು. ಅದು ಜಗ್ಗಿದರೆ, ಸಿಡಿದರೆ, ಇಷ್ಟು ದಿನ ಅದರ ಭಾರ ಹೊತ್ತದ್ದು ಕಾಯಿಲ್ ಎಂದು ಅರ್ಥ. ಈ ಯೂನಿಯನ್‌ಗಳೂ ಪೈಪಿನ ತಿರುವೂ ಕಾಯಿಲ್ ಹೊರಗೆಳೆಯುವ ದಾರಿಯಲ್ಲಿ ಇರಬಾರದು, ಫಿಲ್ಟರ್ ಬಾಗಿಲಿಗೂ ಅಡ್ಡ ಬರಬಾರದು. ಬಾಗಿಲು ಪೂರ್ತಿ ತೆರೆದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಅದರ ಕಮಾನು ಗೀಚಿ, ಆ ಗೆರೆಯ ಹೊರಗೆ ಪೈಪ್ ಇಳಿಸಿ.

ತೊಳೆಯುವುದು ಮತ್ತು ಪ್ರೆಷರ್ ಟೆಸ್ಟ್

ಹೊಸ ಲೈನಿನಲ್ಲಿ ಬೆಸುಗೆಯ ಕಿಟ್ಟ, ತುಕ್ಕು, ಮರಳು, ಒಮ್ಮೊಮ್ಮೆ ಬೀಡಿ ತುಂಡೂ ಇರುತ್ತದೆ. ಇದನ್ನು ಕಾಯಿಲ್ ಮೂಲಕ ಹಾಯಿಸಬಾರದು. ಕಾಯಿಲ್‌ಗೆ ಮೊದಲೇ ಹೋಗುವ ಮತ್ತು ವಾಪಸ್ ಲೈನುಗಳ ನಡುವೆ ಒಂದು ಬೈಪಾಸ್ ಕೊಟ್ಟು, ಕಾಯಿಲ್ ವಾಲ್ವ್‌ಗಳನ್ನು ಬಂದ್ ಮಾಡಿ ಲೈನ್ ತೊಳೆಯಿರಿ. ನೀರು ತಿಳಿಯಾಗುವವರೆಗೆ ತೊಳೆಯಬೇಕೆಂದು ಎಲ್ಲರೂ ಹೇಳುತ್ತಾರೆ. ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಪೈಪ್ ರಾಶಿ ಹಾಕಿದ್ದರೆ ಬರುವ ಕೆಂಪು ನೀರು ತುಕ್ಕಿನದೋ ಮಣ್ಣಿನದೋ ಹೇಳುವುದು ಕಷ್ಟ. ಬಿಳಿ ಬಕೆಟ್ಟಿನಲ್ಲಿ ಹಿಡಿದು ಹತ್ತು ನಿಮಿಷ ಬಿಟ್ಟು ತಳ ನೋಡಿ. ತಳದಲ್ಲಿ ಏನೂ ಕೂರದಿದ್ದರೆ ಸಾಕು. ಕೊನೆಗೆ ತುಂಬುವ ನೀರು ಮೆದು ನೀರಾಗಿರಲಿ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಸ್ನಾನದ ಬಕೆಟ್ಟಿನ ಅಂಚಿನಲ್ಲೇ ಕಾಣುತ್ತದೆ.

ಟೆಸ್ಟ್ ಒತ್ತಡ ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು. ಎಷ್ಟು ಹೊತ್ತು ಹಿಡಿಯಬೇಕೆಂಬುದು ಗುತ್ತಿಗೆಯ ಕಾಗದದಲ್ಲಿರುತ್ತದೆ. ಕಾಯಿಲ್ ಅಷ್ಟು ಒತ್ತಡ ತಾಳುತ್ತದೆಯೇ ಎಂದು ಅದರ ತಗಡಿನ ಚೀಟಿಯಲ್ಲಿ ನೋಡಿ, ಸಂಶಯವಿದ್ದರೆ ಕಾಯಿಲ್ ಬೇರ್ಪಡಿಸಿ. ಗಾಳಿ ಪೂರ್ತಿ ಬಿಟ್ಟ ಮೇಲೇ ಪಂಪ್ ಒತ್ತಿ. ಬೆಳಿಗ್ಗೆ ಆರಕ್ಕೆ ಒತ್ತಡ ಕೊಟ್ಟ ಲೈನ್ ಬಿಸಿಲಿನಲ್ಲಿದ್ದರೆ ಮಧ್ಯಾಹ್ನ ಗೇಜಿನ ಸೂಜಿ ಮೇಲೇರುತ್ತದೆ, ರಾತ್ರಿ ಇಳಿಯುತ್ತದೆ. ನೀರು ಬಿಸಿಯಾಗಿ ಹಿಗ್ಗುವುದೇ ಇದಕ್ಕೆ ಕಾರಣ. ಹಾಗಾಗಿ ಮಧ್ಯಾಹ್ನ ಶುರುಮಾಡಿದ ಟೆಸ್ಟ್ ಸಂಜೆ ಬಿದ್ದಂತೆ ಕಾಣುತ್ತದೆ, ಇಲ್ಲದ ಸೋರಿಕೆ ಹುಡುಕುತ್ತ ರಾತ್ರಿ ಕಳೆಯುತ್ತದೆ. ಹೊತ್ತು ಮೂಡುವ ಮುನ್ನ ಶುರುಮಾಡಿ, ಮರುದಿನ ಅದೇ ಹೊತ್ತಿಗೆ ಸೂಜಿ ನೋಡಿ. ನಡುವೆ ಒಗ್ಗರಣೆ, ಮಿರ್ಚಿ ತಿಂದು ಬರಲು ಬೇಕಾದಷ್ಟು ಸಮಯವಿದೆ. ಆದರೆ ಗೇಜಿನ ಬಳಿ ಒಬ್ಬನಿರಲಿ.

ಟ್ರ್ಯಾಪ್ ಎಷ್ಟು ಆಳ

ಫ್ಯಾನ್ ಕಾಯಿಲ್‌ನ ಮುಂದಿದ್ದು ಗಾಳಿಯನ್ನು ಕಾಯಿಲ್ ಮೂಲಕ ಎಳೆದುಕೊಳ್ಳುವ ಯಂತ್ರಗಳೇ ನಮ್ಮಲ್ಲಿ ಹೆಚ್ಚು. ಇವುಗಳಲ್ಲಿ ಪ್ಯಾನ್ ಇರುವ ಕೋಣೆಯಲ್ಲಿ ಎಳೆತವಿರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆದಂತೆ ಆ ಎಳೆತ ಡ್ರೇನ್ ಪೈಪಿನ ನೀರನ್ನು ಮೇಲಕ್ಕೆ ಜಗ್ಗುತ್ತದೆ. ಟ್ರ್ಯಾಪ್‌ನ ಕೆಲಸ ಎರಡು: ಗಾಳಿ ಒಳಬಾರದಂತೆ ನೀರಿನ ಬೀಗ ಹಾಕುವುದು, ಮತ್ತು ಮೇಲೆ ಜಗ್ಗಿದ ನೀರು ಪ್ಯಾನಿನವರೆಗೆ ಬಾರದಂತೆ ತಗ್ಗು ಕೊಡುವುದು.

ಮೊದಲು ಎಳೆತ ಅಳೆಯಿರಿ. ಗಾಳಿಯ ಒತ್ತಡ ಅಳೆಯುವ ಮ್ಯಾಗ್ನೆಹೆಲಿಕ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಮೀಟರ್ ಪಾರದರ್ಶಕ ನಳಿಗೆಯನ್ನು ಇಂಗ್ಲಿಷ್ ಯು ಆಕಾರಕ್ಕೆ ಬಾಗಿಸಿ, ಮರದ ಪಟ್ಟಿಗೆ ಕಟ್ಟಿ, ಚಿಟಿಕೆ ಕುಂಕುಮ ಕದಡಿದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿಯನ್ನು ಪ್ಯಾನ್ ಪಕ್ಕದ ಚಿಕ್ಕ ರಂಧ್ರದೊಳಗೆ ತೂರಿಸಿ ಸುತ್ತ ಟೇಪ್ ಹಚ್ಚಿ, ಬಾಗಿಲು ಮುಚ್ಚಿ ಫ್ಯಾನ್ ಓಡಿಸಿ. ಎರಡು ಕಾಲುಗಳ ನೀರಿನ ಮಟ್ಟದ ಅಂತರ ಎಷ್ಟು ಮಿಲಿಮೀಟರೋ ಅಷ್ಟು ಎಳೆತ. ಆದರೆ ಹೊಸ ಫಿಲ್ಟರ್ ಇರುವಾಗ ಅಳೆದದ್ದು ಲೆಕ್ಕಕ್ಕಿಲ್ಲ. ಫಿಲ್ಟರ್ ಕಟ್ಟಿಕೊಂಡಷ್ಟೂ ಎಳೆತ ಏರುತ್ತದೆ. ರಾಯಚೂರಿನಲ್ಲಿ ಹತ್ತಿಯ ನವಿರು, ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹೊಟ್ಟು, ಬಳ್ಳಾರಿಯಲ್ಲಿ ಕೆಂಧೂಳು: ಇಲ್ಲಿ ಫಿಲ್ಟರ್ ಕಟ್ಟಲು ತಿಂಗಳು ಬೇಕಿಲ್ಲ. ಫಿಲ್ಟರಿನ ಅರ್ಧಕ್ಕೆ ರಟ್ಟು ಮುಚ್ಚಿ ಮತ್ತೆ ಅಳೆಯಿರಿ, ಆ ಅಂಕಿಯನ್ನು ಹಿಡಿಯಿರಿ. ಯಂತ್ರ ಇನ್ನೂ ಓಡದ ಹಂತದಲ್ಲಿ ಕಂಪನಿ ಕೊಟ್ಟ ಕಾಗದದಲ್ಲಿ ಕೊಳಕು ಫಿಲ್ಟರಿನ ಲೆಕ್ಕ ಸಿಗುತ್ತದೆ.

ಆ ಅಂಕಿ 50 ಮಿ.ಮೀ. ಎಂದಿಟ್ಟುಕೊಳ್ಳಿ. ಅದಕ್ಕೆ 25 ಸೇರಿಸಿ: 75. ಪ್ಯಾನಿನ ಬಾಯಿಯ ತಳದಿಂದ ಟ್ರ್ಯಾಪ್‌ನ ಹೊರಬಾಯಿಯ ತಳಕ್ಕೆ 75 ಮಿ.ಮೀ. ಇಳಿತ ಬೇಕು. ಹೊರಬಾಯಿಯಿಂದ ಕೆಳಗೆ ನಿಲ್ಲುವ ನೀರಿನ ಆಳ ಅದರ ಅರ್ಧಕ್ಕಿಂತ, ಅಂದರೆ 38 ಮಿ.ಮೀ.ಗಿಂತ, ಕಡಿಮೆಯಾಗಬಾರದು. ಇದಕ್ಕೆ ಪೈಪಿನ ದಪ್ಪ 40ರಷ್ಟು, ಹೊದಿಕೆ 20ರಷ್ಟು ಸೇರಿಸಿದರೆ 175ರ ಹತ್ತಿರ ಬರುತ್ತದೆ. ಮೊದಲು ಹೇಳಿದ 180 ಬಂದದ್ದು ಇಲ್ಲಿಂದ.

ಅರ್ಧವೇ ಏಕೆ? ನೀರು ಬೀಳದೆ ಫ್ಯಾನ್ ಮಾತ್ರ ಓಡುತ್ತಿರುವಾಗ ಟ್ರ್ಯಾಪ್‌ನ ಒಂದು ಕಾಲಿನಲ್ಲಿ ನೀರು 25 ಮಿ.ಮೀ. ಏರಿದರೆ ಇನ್ನೊಂದರಲ್ಲಿ 25 ಇಳಿಯುತ್ತದೆ, ಒಟ್ಟು ಅಂತರ 50. ಹೊರಗಿನ ಕಾಲಿನಲ್ಲಿ 38 ಮಿ.ಮೀ. ನೀರಿದ್ದರೆ 25 ಇಳಿದರೂ ಬೀಗ ಉಳಿಯುತ್ತದೆ. ನೀರು ಬೀಳತೊಡಗಿದ ಮೇಲೆ ಹೊರಗಿನ ಕಾಲು ಬಾಯಿಯವರೆಗೆ ತುಂಬಿ ಹರಿಯುತ್ತದೆ, ಒಳಗಿನ ಕಾಲಿನ ನೀರು ಅದಕ್ಕಿಂತ 50 ಮೇಲೆ ನಿಲ್ಲುತ್ತದೆ. ಇಳಿತ 75 ಇದ್ದರೆ ಪ್ಯಾನಿಗೆ ಇನ್ನೂ 25 ಮಿ.ಮೀ. ಬಾಕಿ. ಇಳಿತ 40 ಮಾತ್ರ ಇದ್ದರೆ ನೀರು ಪ್ಯಾನಿನೊಳಗೇ ನಿಲ್ಲುತ್ತದೆ. ಟ್ರ್ಯಾಪ್ ಎಷ್ಟೇ ಸ್ವಚ್ಛವಿರಲಿ, ಅಲ್ಲಿ ಕಡ್ಡಿ ಹಾಕಿ ಕೆದಕಿ ಪ್ರಯೋಜನವಿಲ್ಲ.

ಫ್ಯಾನ್ ಹಿಂದಿದ್ದು ಕಾಯಿಲ್ ಮೇಲೆ ಗಾಳಿಯನ್ನು ತಳ್ಳುವ ಯಂತ್ರದಲ್ಲಿ ಕಥೆ ತಿರುವುಮುರುವು. ಅಲ್ಲಿ ಒತ್ತಡ ನೀರನ್ನು ಹೊರಗೆ ದಬ್ಬುತ್ತದೆ. ಇಳಿತ ಸ್ವಲ್ಪವೇ ಸಾಕು, ಆದರೆ ನಿಂತ ನೀರಿನ ಆಳ ಆ ಒತ್ತಡಕ್ಕಿಂತ 25 ಮಿ.ಮೀ. ಹೆಚ್ಚಿರಬೇಕು. ಎರಡಕ್ಕೂ ಒಂದೇ ಅಳತೆಯ ಟ್ರ್ಯಾಪ್ ಅಂಗಡಿಯಿಂದ ತಂದು ಹಾಕುವವರು ಇದನ್ನು ಗಮನಿಸಿ.

ಡ್ರೇನ್ ಪೈಪ್ ಓಡಿಸುವುದು

ಪೈಪಿನ ಗಾತ್ರ ಪ್ಯಾನಿನ ಬಾಯಿಗಿಂತ ಎಲ್ಲಿಯೂ ಚಿಕ್ಕದಾಗಬಾರದು. ಒಂದರ ಮೇಲೊಂದು ಎರಡು ಕಾಯಿಲ್ ಇದ್ದು ಎರಡು ಪ್ಯಾನ್‌ಗಳಿದ್ದರೆ, ಹೊರಬಂದ ಪ್ರತಿಯೊಂದು ಬಾಯಿಗೂ ಅದರದೇ ಟ್ರ್ಯಾಪ್. ಎರಡನ್ನೂ ಕೂಡಿಸಿ ಒಂದೇ ಟ್ರ್ಯಾಪ್ ಕೊಟ್ಟರೆ ಒಂದು ಬಾಯಿಯಿಂದ ಗಾಳಿ ಎಳೆದು ಇನ್ನೊಂದರ ನೀರನ್ನು ತಡೆಯುತ್ತದೆ.

ಟ್ರ್ಯಾಪ್‌ಗೆ ಎಲ್ಬೋ ಬದಲು ಟೀ ಹಾಕಿ, ಬೇಡದ ಬಾಯಿಗೆ ಚೂಡಿಯ ಮುಚ್ಚಳ ಹಾಕಿ. ಕೈಯಲ್ಲಿ ಬಿಚ್ಚಿ, ಕಡ್ಡಿ ಅಥವಾ ಬ್ರಷ್ ತೂರಿಸುವಂತಿರಬೇಕು. ಪ್ಯಾನಿನ ಬದಿಯ ಮುಚ್ಚಳ ಮಾತ್ರ ಯಂತ್ರ ಓಡುವಾಗ ಬಿಗಿಯಾಗಿರಲೇಬೇಕು. ಅಲ್ಲಿ ಗಾಳಿ ಒಳಗೆ ಹೋದರೆ ಟ್ರ್ಯಾಪ್ ಇದ್ದೂ ಇಲ್ಲದಂತೆ. ಗಾಳಿಕಂಡಿ ಬೇಕಿದ್ದರೆ ಟ್ರ್ಯಾಪ್ ದಾಟಿದ ಮೇಲೆ ಕೊಡಿ. ಉದ್ದದ ಲೈನಿನಲ್ಲಿ ಅದು ಬೇಕೇ ಬೇಕು.

ಓಟ ಮೀಟರಿಗೆ 10 ಮಿ.ಮೀ. ಕನಿಷ್ಠ. ಆರು ಮೀಟರ್ ಓಡಿದರೆ 60 ಮಿ.ಮೀ. ಇಳಿಯಬೇಕು. ಗೌಂಡಿಗಳ ನೀರಿನ ನಳಿಗೆ ಮಟ್ಟದಿಂದ ಎರಡೂ ತುದಿ ಗುರುತು ಮಾಡಿ, ನಡುವೆ ದಾರ ಎಳೆದು, ದಾರದ ಮೇಲೆ ಕ್ಲಾಂಪ್ ಕೂರಿಸಿ. ಪಿವಿಸಿ ಪೈಪಿಗೆ ಮೀಟರಿಗೊಂದು ಕ್ಲಾಂಪ್. ನಮ್ಮ ಮೇ ತಿಂಗಳಲ್ಲಿ, ಅದರಲ್ಲೂ ತಗಡಿನ ಛಾವಣಿಯ ಕೆಳಗೆ, ಎರಡು ಮೀಟರ್ ಬಿಟ್ಟು ಕಟ್ಟಿದ ಪೈಪ್ ಬಾಳೆ ದಿಂಡಿನಂತೆ ಜೋಲುತ್ತದೆ. ಜೋಲಿದ ಕಡೆಯೆಲ್ಲ ಒಂದೊಂದು ಬೇಡದ ಟ್ರ್ಯಾಪ್. ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ತೋಟಕ್ಕೆ ನೀರು ಹಾಯಿಸುವ ಹಸಿರು ಪೈಪನ್ನು ಡ್ರೇನ್‌ಗೆ ಬಳಸಿದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಹೇಳುವುದೇನೂ ಇಲ್ಲ, ಕಿತ್ತು ಹಾಕಿ. ಪಿವಿಸಿ ಅಂಟಿಸುವ ಸಲ್ಯೂಷನ್ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ. ಮಧ್ಯಾಹ್ನ ಹಚ್ಚಿದರೆ ಪೈಪ್ ಪೂರ್ತಿ ಒಳಗೆ ಕೂರುವ ಮೊದಲೇ ಒಣಗಿಬಿಡುತ್ತದೆ. ಹೊರಗೆ ಬಿಸಿಲಿಗೆ ಬೀಳುವ ಭಾಗಕ್ಕೆ ಬಣ್ಣ ಬಳಿಯಿರಿ ಅಥವಾ ಜಿಐ ಪೈಪ್ ಹಾಕಿ.

ಕೊನೆಯ ತುದಿಯನ್ನು ಒಳಚರಂಡಿ ಪೈಪಿಗೆ ನೇರ ಸೇರಿಸಬಾರದು. ನೆಲದ ಜಾಲರಿಯ ಮೇಲೆ ಎರಡು ಬೆರಳು ಅಂತರ ಬಿಟ್ಟು ನೀರು ಕಣ್ಣಿಗೆ ಕಾಣುವಂತೆ ಬೀಳಲಿ. ನೇರ ಸೇರಿಸಿದ ಲೈನಿನಲ್ಲಿ ಟ್ರ್ಯಾಪ್ ಒಣಗಿದ ದಿನ ಚರಂಡಿಯ ವಾಸನೆ ಡಕ್ಟ್ ಮೂಲಕ ಇಡೀ ಹಾಲಿಗೆ ಹಂಚಿಕೆಯಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ. ಬೀಳುವ ನೀರನ್ನು ಹಿಡಿದಿಟ್ಟು ಗಿಡಗಳಿಗೆ ಅಥವಾ ಕೂಲಿಂಗ್ ಟವರಿಗೆ ಬಳಸಬಹುದು, ಮೆದು ನೀರು. ಕುಡಿಯಲು ಮಾತ್ರ ಬೇಡ. ಅದು ಧೂಳು ಕೂತ ಕಾಯಿಲ್ ತೊಳೆದು ಬಂದ ನೀರು.

ತಣ್ಣೀರಿನ ಲೈನಿಗೆ ಹೊದಿಕೆ ಹಾಕುವುದು ಎಲ್ಲರಿಗೂ ಗೊತ್ತು. ಕ್ಲಾಂಪ್ ಕೂತ ಜಾಗದಲ್ಲಿ ಹೊದಿಕೆ ಕತ್ತರಿಸಿ ಕಬ್ಬಿಣವನ್ನೇ ಮುಟ್ಟಿಸುವುದು ಅಷ್ಟೇ ಸಾಮಾನ್ಯವಾದ ತಪ್ಪು. ಅಲ್ಲಿ ಮರದ ಅಥವಾ ಪಫ್ (ಗಟ್ಟಿ ಫೋಮ್) ಸ್ಯಾಡಲ್ ಇಡಿ. ಡ್ರೇನ್ ಪೈಪಿಗೂ ಹೊದಿಕೆ ಬೇಕು. ಒಳಗೆ ಹರಿಯುವ ನೀರು ತಣ್ಣಗಿದೆ, ಆಗಸ್ಟಿನ ಇಬ್ಬನಿ ಬಿಂದು 23. ಬರಿ ಪೈಪ್ ಬೆವರಿ ಸೀಲಿಂಗಿನ ಮೇಲೆ ಹನಿಸುತ್ತದೆ, ಜನ ಡ್ರೇನ್ ಸೋರುತ್ತಿದೆ ಎನ್ನುತ್ತಾರೆ.

ಬೇಸಿಗೆಯಲ್ಲೇ ಮಳೆಗಾಲದ ಪರೀಕ್ಷೆ

ಕೆಲಸ ಒಪ್ಪಿಸುವ ಮೊದಲು ಇದನ್ನು ಮಾಡಿ. ಫ್ಯಾನ್ ಬಂದ್ ಇರುವಾಗ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಂಡು ಒಳಗೆ ಕೈ ಹಾಕಿ. ಪ್ಯಾನಿಗೆ ಒಂದು ಬಕೆಟ್ ನೀರು ಸುರಿಯಿರಿ. ಟ್ರ್ಯಾಪ್ ತುಂಬಿ ಹೊರತುದಿಯಲ್ಲಿ ನೀರು ಬಿದ್ದು ನಿಲ್ಲಬೇಕು. ಪ್ಯಾನಿನ ಮೂಲೆಗಳಲ್ಲಿ ಕೈಯಾಡಿಸಿ, ನೀರು ಉಳಿದಿರಬಾರದು. ಆಮೇಲೆ ಫಿಲ್ಟರಿನ ಅರ್ಧಕ್ಕೆ ರಟ್ಟು ಮುಚ್ಚಿ, ಒಂದು ಚಿಕ್ಕ ನಳಿಗೆಯನ್ನು ಬಾಗಿಲ ಸಂದಿಯಿಂದ ಪ್ಯಾನಿಗೆ ಬಿಟ್ಟು, ಬಾಗಿಲು ಮುಚ್ಚಿ ಫ್ಯಾನ್ ಓಡಿಸಿ. ನಳಿಗೆಯಿಂದ 20 ಲೀಟರ್ ಕ್ಯಾನಿನ ನೀರನ್ನು ಹತ್ತು ಹದಿನೈದು ನಿಮಿಷದಲ್ಲಿ ಬಿಡಿ. ಹೊರತುದಿಯಲ್ಲಿ ನೀರು ಬಿಡದೆ ಧಾರೆಯಾಗಿ ಬೀಳುತ್ತಿದ್ದರೆ ಸರಿ. ಬಿಟ್ಟು ಬಿಟ್ಟು ಗುಟುಕು ಗುಟುಕಾಗಿ ಬಂದರೆ, ಅಥವಾ ಫ್ಯಾನ್ ನಿಲ್ಲಿಸಿದಾಗ ಒಮ್ಮೆಲೇ ನೀರು ನುಗ್ಗಿದರೆ ಟ್ರ್ಯಾಪ್‌ನ ಇಳಿತ ಸಾಲದು. ಇದನ್ನು ಮಾಲೀಕರ ಎದುರಿಗೇ ಮಾಡಿ. ನೀರು ಬೀಳುವುದನ್ನು ಕಂಡವರಿಗೆ ಬಿಲ್ ಪಾಸು ಮಾಡುವ ಮನಸ್ಸೂ ಬರುತ್ತದೆ.

ಕೊನೆಗೆ, ಎಳೆತದ ಅಂಕಿ, ಟ್ರ್ಯಾಪ್‌ನ ಅಳತೆ, ತಾರೀಖನ್ನು ಮಾರ್ಕರ್ ಪೆನ್ನಿನಲ್ಲಿ ಯಂತ್ರದ ಬಾಗಿಲ ಒಳಬದಿಗೆ ಬರೆಯಿರಿ. ತಿಂಗಳಿಗಿಂತ ಹೆಚ್ಚು ನಿಂತ ಯಂತ್ರವನ್ನು ಚಾಲೂ ಮಾಡುವ ಮೊದಲು, ಮತ್ತು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಫ್ಯಾನ್ ಬಂದ್ ಇರುವಾಗ ಟ್ರ್ಯಾಪ್‌ಗೆ ಒಂದು ಚೊಂಬು ನೀರು ಹಾಕಬೇಕೆಂದು ಅಲ್ಲೇ ಕನ್ನಡದಲ್ಲಿ ಬರೆದಿಡಿ. ರಾಯಚೂರಿನ ಆ ಮಂಟಪದಲ್ಲಿ ನಾನು ಟ್ರ್ಯಾಪ್ ಕಿತ್ತು ಆಳದ್ದು ಹಾಕಿದೆ, ಕೂಲಿ ಕೇಳಲಿಲ್ಲ. ಕಾವಲುಗಾರರು ಯಂತ್ರದ ಪಕ್ಕ ಮೊಳೆಗೆ ಒಂದು ಸ್ಟೀಲ್ ಚೊಂಬು ತೂಗುಹಾಕಿದ್ದಾರೆ. ಅವರ ಕ್ಯಾಲೆಂಡರಿನಲ್ಲಿ ಆಷಾಢ ಮುಗಿಯುವ ಅಮಾವಾಸ್ಯೆಯ ಚೌಕದೊಳಗೆ ನೀಲಿ ಪೆನ್ನಿನಲ್ಲಿ ಒಂದೇ ಪದ ಬರೆದಿರುತ್ತದೆ: ನೀರು.